‘ಆತ್ರೀ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆಯುವ ಬಗೆ

ರಾಯಚೂರಿನಲ್ಲಿ ಕೋರ್ಟಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಒಂದು ಕಂಪ್ಯೂಟರು, ಒಂದು ಝೆರಾಕ್ಸ್ ಮಷಿನ್ನು, ಬಂದವರಿಗೆ ಎರಡು ಸ್ಟೂಲು. ಅರ್ಜಿ, ಬಯೋಡೇಟಾ, ಬ್ಯಾಂಕಿಗೆ ಪತ್ರ, ಕೆಲಸ ಬಿಡುವ ಪತ್ರ, ಏನೇ ಇರಲಿ, ಬಂದವರು ಕನ್ನಡದಲ್ಲಿ ಹೇಳುತ್ತಾರೆ, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತೇನೆ. ದಿನಕ್ಕೆ ಎಷ್ಟು ಸಲ ಕೇಳುತ್ತೇನೋ ಲೆಕ್ಕವಿಲ್ಲದ ಒಂದು ಮಾತಿದೆ: ‘ಆತ್ರೀ’. ಕೋರ್ಸ್ ಆತ್ರೀ, ಸಾಲ ಆತ್ರೀ, ಕೇಸ್ ಆತ್ರೀ, ಮಾತುಕತಿ ಆತ್ರೀ. ಈ ಒಂದು ಪದವನ್ನು ಇಂಗ್ಲಿಷಿಗೆ ತರುವಾಗ ನಾನು ಎಡವಿದ್ದರಿಂದಲೇ ಈ ಲೇಖನ ಬರೆಯುವ ಮನಸ್ಸಾಗಿದೆ.

ಎಡವಿದ್ದು ಹೀಗೆ. ಸಿಂಧನೂರು ಕಡೆಯ ಒಬ್ಬ ಹುಡುಗ ಬಂದ. “ಅಣ್ಣಾ, ಗಾಡಿ ಸಾಲ ಮುಗದೈತಿ, ಎಲ್ಲಾ ಕಂತು ಕಟ್ಟೀನಿ. ಫೈನಾನ್ಸಿನವ್ರಿಗೆ ಒಂದು ಲೆಟರ್ ಬರಕೊಡು, ಮುಗದೈತಿ ಅಂತ ಅವ್ರೊಂದು ಪೇಪರ್ ಕೊಡ್ಲಿ” ಅಂದ. ನಾನು ಬಹಳ ಜಾಣನಂತೆ ‘ಮೈ ಲೋನ್ ಹ್ಯಾಸ್ ಬೀನ್ ಸೆಟಲ್ಡ್’ ಎಂದು ಬರೆದೆ. ಅಲ್ಲಿನ ಗುಮಾಸ್ತರೂ ನನ್ನ ಪತ್ರ ನೋಡಿಕೊಂಡೇ ಅದೇ ಪದ ಹಾಕಿ ಕಾಗದ ಕೊಟ್ಟುಬಿಟ್ಟರು. ವರ್ಷ ಕಳೆದು ಆ ಹುಡುಗ ಟ್ರ್ಯಾಕ್ಟರ್ ಸಾಲಕ್ಕೆ ಬೇರೆ ಬ್ಯಾಂಕಿಗೆ ಹೋದಾಗ ಅಲ್ಲಿನ ಮ್ಯಾನೇಜರು ಆ ಕಾಗದ ನೋಡಿ ಕೇಳಿದರಂತೆ, “ಎಷ್ಟು ಬಿಡಿಸಿಕೊಂಡಿದ್ರಿ?” ಒಂದು ರೂಪಾಯಿಯನ್ನೂ ಮನ್ನಾ ಮಾಡಿಸಿಕೊಳ್ಳದೆ ಪೂರಾ ಕಟ್ಟಿದವನಿಗೆ ಈ ಪ್ರಶ್ನೆ! ಕಾಗದ ತಂದು ನನ್ನ ಟೇಬಲ್ಲಿನ ಮೇಲಿಟ್ಟು, “ಈ ಒಂದು ಪದಕ್ಕ ನಾಕು ಸಲ ಬಸ್ ಚಾರ್ಜ್ ಕೊಟ್ಟೀನಿ ಅಣ್ಣಾ” ಅಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಗಿಯುವುದು, ಮುಗಿಸುವುದು, ತೀರ್ಮಾನಿಸುವುದು, ಇವಕ್ಕೆ ಇಂಗ್ಲಿಷಿನಲ್ಲಿ ರಾಶಿ ಪದಗಳಿವೆ. ಡಿಕ್ಷನರಿ ಅವನ್ನೆಲ್ಲ ಒಂದೇ ಸಾಲಿನಲ್ಲಿ, ಒಂದರ ಬದಲು ಇನ್ನೊಂದು ಹಾಕಬಹುದು ಅನ್ನುವಂತೆ ಜೋಡಿಸಿರುತ್ತದೆ. ಹಾಕಲು ಬರುವುದಿಲ್ಲ. ಯಾವುದನ್ನು ಎಲ್ಲಿ ಹಾಕಬೇಕು ಎಂದು ಆರಿಸಲು ನಾನು ಈಗ ಅನುಸರಿಸುವ ಹೆಜ್ಜೆಗಳು ಇವು.

ಹೆಜ್ಜೆ 1: ಮೊದಲು ಕನ್ನಡವನ್ನೇ ಬಿಡಿಸಿ ಹೇಳಿ

ಇಂಗ್ಲಿಷ್ ಪದ ಹುಡುಕುವ ಮೊದಲು ‘ಆತು’ ಅನ್ನುವುದನ್ನು ಬಿಚ್ಚಿ ನೋಡಬೇಕು. ನಾನು ಎದುರಿಗೆ ಕೂತವರನ್ನು ಮೂರು ಮಾತು ಕೇಳುತ್ತೇನೆ. ಅದು ಪೂರಾ ಆಗಿ ಮುಗಿಯಿತೋ, ನಡುವೆಯೇ ನಿಂತಿತೋ? ತಾನಾಗಿ ಮುಗಿಯಿತೋ, ಯಾರಾದರೂ ಮುಗಿಸಿದರೋ? ಇನ್ನೂ ಏನಾದರೂ ಬಾಕಿ ಇದೆಯೋ? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಪದಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ.

ನಾಲ್ಕನೆಯದೂ ಒಂದಿದೆ: ನೀವು ಹೇಳುತ್ತಿರುವುದು ಮುಗಿದದ್ದನ್ನೋ, ತೀರ್ಮಾನವಾದದ್ದನ್ನೋ? ಇದು ಕನ್ನಡದವರಿಗೆ ಸ್ವಲ್ಪ ತೊಡಕು, ಯಾಕೆಂದರೆ ನಮ್ಮ ಭಾಷೆ ಇವೆರಡನ್ನೂ ಒಂದೇ ಬೇರಿನಿಂದ ಬೆಳೆಸಿದೆ. ‘ತೀರು’ ಅಂದರೆ ಮುಗಿ. ಸಾಲ ತೀರುತ್ತದೆ, ಮನೆಯಲ್ಲಿ ಜೋಳ ತೀರುತ್ತದೆ, ಅಜ್ಜ ತೀರಿಕೊಳ್ಳುತ್ತಾನೆ. ಅದೇ ‘ತೀರು’ವಿನಿಂದಲೇ ಜಡ್ಜರು ಕೊಡುವ ‘ತೀರ್ಪು’ ಬಂದಿದೆ, ‘ತೀರ್ಮಾನ’ವೂ ಅದರ ಬಳಗವೇ. ಜಗಳ ಮುಗಿಯುವುದು ಅಂದರೇ ತೀರ್ಮಾನವಾಗುವುದು ಎಂದು ನಮ್ಮ ಹಿರಿಯರು ಎಣಿಸಿದ್ದರು ಎಂದು ಕಾಣುತ್ತದೆ. ನಿಜಾಮರ ಆಳ್ವಿಕೆ ಕಂಡ ನಮ್ಮ ಕಡೆಯ ಮುದುಕರು ಈಗಲೂ ‘ಫೈಸಲಾ ಆತು’ ಅನ್ನುತ್ತಾರೆ. ಅರಬ್ಬಿಯಿಂದ ಉರ್ದುವಿಗೆ ಬಂದ ಆ ಮಾತಿನ ಬೇರಿನಲ್ಲಿ ಬೇರ್ಪಡಿಸು, ಕತ್ತರಿಸು ಎಂಬ ಅರ್ಥವಿದೆ.

ಇಂಗ್ಲಿಷಿನಲ್ಲೂ ಹೀಗೆ ಎರಡೂ ಕಡೆ ಕಾಲಿಟ್ಟ ಪದಗಳಿವೆ. ‘ಕನ್‌ಕ್ಲೂಡ್’ ಅಂದರೆ ಮುಗಿಸು, ತೀರ್ಮಾನಕ್ಕೆ ಬಾ, ಎರಡೂ. ‘ಸೆಟಲ್’ ಸಹ ಹಾಗೆಯೇ. ಎಡವುವುದು ಇಂಥ ಪದಗಳ ಮೇಲೇ. ಅದಕ್ಕೇ ಅವುಗಳನ್ನು ಕೊನೆಗಿಟ್ಟು ಸುಲಭದವುಗಳಿಂದ ಶುರುಮಾಡೋಣ.

ಹೆಜ್ಜೆ 2: ಬರೀ ಮುಗಿಯಿತೋ, ತುಂಬಿ ಮುಗಿಯಿತೋ ನೋಡಿ

‘ಎಂಡ್’, ‘ಫಿನಿಶ್’, ‘ಕಂಪ್ಲೀಟ್’ ಈ ಮೂರರಲ್ಲಿ ‘ಎಂಡ್’ಗೆ ಹೆಚ್ಚು ಹೊರೆಯಿಲ್ಲ. ಸಿನಿಮಾ, ರಸ್ತೆ, ಮಳೆಗಾಲ, ಯಾವುದು ಕೊನೆಗೊಂಡರೂ ‘ಎಂಡ್’. ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಅದು ಹೇಳುವುದಿಲ್ಲ. ‘ಫಿನಿಶ್’ನಲ್ಲಿ ಕೈಯಲ್ಲಿದ್ದ ಕೆಲಸವನ್ನು ಮುಗಿಸಿದ ಭಾವವಿದೆ. ‘ಕಂಪ್ಲೀಟ್’ ಬೇರೆಯೇ: ಅದರ ಲ್ಯಾಟಿನ್ ಬೇರಿನ ಅರ್ಥವೇ ತುಂಬು. ಇರಬೇಕಾದ ಎಲ್ಲ ಭಾಗವೂ ಸೇರಿ ತುಂಬಿದಾಗ ಮಾತ್ರ ಅದು ಹೊಂದುತ್ತದೆ.

ನಮಗೆ ಚೆನ್ನಾಗಿ ನೆನಪಿರುವ ಒಂದು ಉದಾಹರಣೆ ಕೊಡುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿಹೋಯಿತು. ಎಡದಂಡೆ ಕಾಲುವೆಯ ನೀರು ನಂಬಿದ ಕೊಪ್ಪಳ, ರಾಯಚೂರಿನ ಭತ್ತದವರು ಆ ವಾರ ನಿದ್ದೆ ಮಾಡಲಿಲ್ಲ. ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಸ್ಟಾಪ್‌ಲಾಗ್, ಅಂದರೆ ನೀರು ತಡೆಯುವ ಉಕ್ಕಿನ ಅಡ್ಡಹಲಗೆ, ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸಿದರು. ಆ ದಿನ ಇಂಗ್ಲಿಷಿನಲ್ಲಿ ಬರೆಯುವವರು ಸ್ಟಾಪ್‌ಲಾಗ್ ಇಳಿಸುವ ಕೆಲಸ ‘ಫಿನಿಶ್’ ಆಯಿತು ಅನ್ನಬಹುದಿತ್ತು, ಅಷ್ಟರ ಮಟ್ಟಿಗೆ ‘ಕಂಪ್ಲೀಟ್’ ಎಂದರೂ ತಪ್ಪಿರಲಿಲ್ಲ. ಆದರೆ ಗೇಟಿನ ರಿಪೇರಿ ‘ಕಂಪ್ಲೀಟ್’ ಆಯಿತು ಎಂದು ಬರೆದಿದ್ದರೆ ಸುಳ್ಳಾಗುತ್ತಿತ್ತು. ಹೊಸ ಗೇಟು ಕೂರಿಸುವುದು ಬಾಕಿಯೇ ಇತ್ತಲ್ಲ.

ಬಯೋಡೇಟಾದಲ್ಲೂ ಇದೇ ಲೆಕ್ಕ. ಡಿಗ್ರಿಯ ಮೂರು ವರ್ಷ ಕ್ಲಾಸಿಗೆ ಹೋಗಿ ಎರಡು ವಿಷಯ ಉಳಿಸಿಕೊಂಡವರು ‘ಕಂಪ್ಲೀಟೆಡ್ ಬಿಎ’ ಎಂದು ಬರೆಸಲು ಬರುತ್ತಾರೆ. ಉಳಿದ ಎರಡು ವಿಷಯ ಆ ಪದದೊಳಗೆ ಹಿಡಿಯುವುದಿಲ್ಲ. ‘ಪಾಸ್ಡ್’ ಅಂತೂ ಇಲ್ಲವೇ ಇಲ್ಲ. ಮೂರು ವರ್ಷ ಓದಿದ್ದೇನೆ, ಎರಡು ವಿಷಯ ಬಾಕಿ ಇವೆ ಎಂದು ಇದ್ದದ್ದನ್ನು ಇದ್ದಂತೆ ಬರೆಯಿರಿ. ಇಂಟರ್‌ವ್ಯೂನಲ್ಲಿ ಮಾರ್ಕ್ಸ್ ಕಾರ್ಡ್ ಕೇಳಿದಾಗ ಬೆವರುವುದು ತಪ್ಪುತ್ತದೆ.

ವ್ಯಾಕರಣದ್ದು ಎರಡೇ ಮಾತು. ‘ಫಿನಿಶ್’ ಆದ ಮೇಲೆ ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ಹಚ್ಚಬೇಕು: ‘ಫಿನಿಶ್ಡ್ ಈಟಿಂಗ್’ ಸರಿ, ‘ಫಿನಿಶ್ಡ್ ಟು ಈಟ್’ ತಪ್ಪು. ‘ಕಂಪ್ಲೀಟ್’ ಮುಂದೆ ನಾಮಪದವನ್ನೇ ಇಡಿ: ಕೋರ್ಸ್, ಫಾರ್ಮ್, ಕಾಮಗಾರಿ.

ಇನ್ನು ಮಾತಾಡುವಾಗ ಒಂದು ಎಚ್ಚರ. ಕೆಲಸ ಮುಗಿಸಿ ಎದ್ದು ‘ಐ ಆಮ್ ಫಿನಿಶ್ಡ್’ ಅಂದರೆ ಸಂದರ್ಭ ನೋಡಿ ‘ನನ್ನ ಕೆಲಸ ಮುಗೀತು’ ಅಂತಲೂ ಆಗುತ್ತದೆ, ‘ನನ್ನ ಕತೆ ಮುಗೀತು, ಕೆಟ್ಟೆ’ ಅಂತಲೂ ಆಗುತ್ತದೆ. ನಾವೂ ‘ಅವನನ್ನ ಮುಗಿಸಿಬಿಟ್ರು’ ಅಂದರೆ ಊಟ ಮುಗಿಸಿದಂತೆ ಅಲ್ಲ ತಾನೆ! ‘ಐ ಹ್ಯಾವ್ ಫಿನಿಶ್ಡ್’ ಅಂದರೆ ಅಡ್ಡಿಯಿಲ್ಲ. ‘ಐ ಆಮ್ ಡನ್’ ಸಹ ನಡೆಯುತ್ತದೆ. ಆದರೆ ಅದರ ಬಾಲಕ್ಕೆ ‘ವಿತ್ ಯೂ’ ಸೇರಿಸಿದರೆ ‘ನಿನ್ನ ಸಹವಾಸ ಸಾಕು’ ಎಂದಾಗುತ್ತದೆ. ಮೇಲಿನ ಅಧಿಕಾರಿಗೆ ಹಾಗೆ ಮೆಸೇಜ್ ಕಳಿಸಿ ಪೇಚಿಗೆ ಸಿಕ್ಕವರೊಬ್ಬರು ನನಗೆ ಗೊತ್ತು.

ಹೆಜ್ಜೆ 3: ಯಾರು ನಿಲ್ಲಿಸಿದರು ಅನ್ನುವುದನ್ನು ಪದವೇ ಹೇಳಲಿ

‘ಟರ್ಮಿನೇಟ್’ ಅನ್ನುವುದು ಕೇಳಲು ದೊಡ್ಡದಾಗಿದೆ ಎಂದು ಬಹಳ ಜನಕ್ಕೆ ಇಷ್ಟ. ಫ್ಯಾಕ್ಟರಿಯ ಕೆಲಸವನ್ನು ತಾವಾಗಿಯೇ ಬಿಟ್ಟ ಒಬ್ಬರು ‘ಮೈ ಸರ್ವೀಸ್ ವಾಸ್ ಟರ್ಮಿನೇಟೆಡ್’ ಎಂದು ತಾವೇ ಬರೆದು ತಂದಿದ್ದರು. ಅದನ್ನು ಓದಿದವರು ತಿಳಿಯುವುದು ಒಂದೇ: ಕಂಪನಿಯವರು ಇವರನ್ನು ತೆಗೆದುಹಾಕಿದರು. ತಾವಾಗಿ ಬಿಟ್ಟಿದ್ದರೆ ‘ರಿಸೈನ್ಡ್’. ರಾಜೀನಾಮೆ ಒಪ್ಪಿ ಕಂಪನಿ ಬಿಟ್ಟುಕೊಟ್ಟಿದ್ದರೆ ‘ರಿಲೀವ್ಡ್’. ಇಷ್ಟು ದಿನಕ್ಕೆ ಎಂದು ಗೊತ್ತು ಮಾಡಿದ್ದ ಕಾಂಟ್ರ್ಯಾಕ್ಟು ಆ ದಿನ ಮುಗಿದಿದ್ದರೆ ‘ಎಕ್ಸ್‌ಪೈರ್ಡ್’. ಓದು ನಡುವೆ ಬಿಟ್ಟವರಿಗೆ ‘ಡಿಸ್ಕಂಟಿನ್ಯೂಡ್’.

ವಿಮೆ, ಠೇವಣಿಗೂ ಪದಗಳು ಬೇರೆ ಬೇರೆ. ಅವಧಿ ತುಂಬಿ ದುಡ್ಡು ಕೈಗೆ ಬರುವುದು ‘ಮೆಚ್ಯೂರ್’. ಕಂತು ಕಟ್ಟದೆ ಪಾಲಿಸಿ ಸತ್ತುಹೋಗುವುದು ‘ಲ್ಯಾಪ್ಸ್’. ಅಂಗಡಿಗೆ ಬಂದವರು ಎರಡಕ್ಕೂ ‘ಪಾಲಿಸಿ ಮುಗೀತು’ ಅಂತಲೇ ಅನ್ನುತ್ತಾರೆ. ಒಂದರಲ್ಲಿ ಹಣ ಬರುತ್ತದೆ, ಇನ್ನೊಂದರಲ್ಲಿ ಕಟ್ಟಿದ್ದಕ್ಕೂ ಕುತ್ತು. ಅದಕ್ಕೆ ಬಾಂಡ್ ಪೇಪರ್ ತರಿಸಿ ನೋಡದೆ ನಾನು ಬರೆಯುವುದಿಲ್ಲ.

ಹೆಜ್ಜೆ 4: ತೀರ್ಮಾನ ಎಲ್ಲಿಂದ ಬಂತು ಎಂದು ಕೇಳಿ

ಈಗ ನಿರ್ಧಾರದ ಪದಗಳು. ಇಲ್ಲಿ ಕೇಳಬೇಕಾದ್ದು ಒಂದೇ: ತೀರ್ಮಾನ ಮನಸ್ಸಿನಿಂದ ಬಂತೋ, ಪುರಾವೆಯಿಂದ ಬಂತೋ, ಅಳತೆಯಿಂದ ಬಂತೋ, ಸಭೆಯಿಂದ ಬಂತೋ, ಇಲ್ಲ ರಾಜಿಯಿಂದ ಬಂತೋ?

ಮನಸ್ಸು ಮಾಡಿದ್ದಾದರೆ ‘ಡಿಸೈಡ್’. ಲ್ಯಾಟಿನ್‌ನಲ್ಲಿ ಕಡಿದುಹಾಕು ಎಂಬ ಅರ್ಥದ ಮಾತಿನಿಂದ ಬಂದ ಪದ ಇದು. ನಾವು ‘ಕಡ್ಡಿ ಮುರಿದಂತೆ ಹೇಳಿದ’ ಅನ್ನುವುದಿಲ್ಲವೇ, ಹಾಗೆ. ಎರಡು ದಾರಿಯಲ್ಲಿ ಒಂದನ್ನು ಕಡಿದು ಇನ್ನೊಂದನ್ನು ಉಳಿಸಿಕೊಳ್ಳುವುದು. ಈ ಸಲ ಹತ್ತಿ ಬೇಡ, ತೊಗರಿ ಹಾಕೋಣ ಅಂದರೆ ಅದು ‘ಡಿಸೈಡ್’. ಕಾಲುವೆಗೆ ಯಾವತ್ತಿನಿಂದ ಯಾವತ್ತಿನವರೆಗೆ ನೀರು ಬಿಡಬೇಕು ಎಂದು ಐಸಿಸಿ ಸಭೆ, ಅಂದರೆ ನೀರಾವರಿ ಸಲಹಾ ಸಮಿತಿ, ಹೇಳುವುದೂ ‘ಡಿಸೈಡ್’.

ಪುರಾವೆ ನೋಡಿ ಬಂದ ತೀರ್ಮಾನಕ್ಕೆ ‘ಕನ್‌ಕ್ಲೂಡ್’. ಇದನ್ನು ಮಕ್ಕಳಿಗೆ ಹೇಳಿಕೊಡಲು ನನಗೆ ಮಸ್ಕಿಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ದೇಶದ ಉದ್ದಗಲಕ್ಕೂ ಬಂಡೆ, ಕಂಬಗಳ ಮೇಲೆ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ರಾಜನ ಶಾಸನಗಳಿದ್ದವು. ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೆ ಆ ಬ್ರಾಹ್ಮಿ ಲಿಪಿ ಓದಿದ. ಈ ರಾಜ ಅಶೋಕನೇ ಇರಬೇಕು ಎಂದು ಸಿಂಹಳದ ಗ್ರಂಥಗಳ ಆಧಾರದ ಮೇಲೆ ಹೇಳುತ್ತಿದ್ದರು. ಆದರೆ ಶಾಸನದಲ್ಲೇ ಆ ಹೆಸರು ಸಿಕ್ಕಿರಲಿಲ್ಲ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಇಂಜಿನಿಯರ್ ಸಿ. ಬೀಡನ್ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಶಾಸನವೊಂದನ್ನು ಕಂಡ. ಅದರಲ್ಲಿ ‘ದೇವಾನಂಪಿಯಸ ಅಸೋಕಸ’ ಎಂದೇ ಇತ್ತು. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಆ ಹೆಸರು ಸಿಕ್ಕಿತು. ಆಗ ವಿದ್ವಾಂಸರು ಮಾಡಿದ್ದು ‘ಕನ್‌ಕ್ಲೂಡ್’. ಇಲ್ಲಿ ‘ಡಿಸೈಡ್’ ಎಂದು ಬರೆದರೆ ಎಲ್ಲರೂ ಕೂತು ‘ಆಯ್ತಪ್ಪ, ಇವನೇ ಅಶೋಕ ಅಂದುಕೊಳ್ಳೋಣ’ ಎಂದು ಮಾತಾಡಿಕೊಂಡಂತೆ ಕೇಳಿಸುತ್ತದೆ. ಬಂಡೆ ಸಾಕ್ಷಿ ಹೇಳಿತು, ಇವರು ಒಪ್ಪಿದರು. ಆ ಒಪ್ಪುವುದೇ ‘ಕನ್‌ಕ್ಲೂಡ್’.

ಅದೇ ‘ಕನ್‌ಕ್ಲೂಡ್’ಗೆ ಮುಗಿಸು ಎಂಬ ಅರ್ಥವೂ ಇದೆ ಎಂದೆನಲ್ಲ. ಬಾಗಿಲು ಮುಚ್ಚು ಎಂಬ ಲ್ಯಾಟಿನ್ ಮಾತು ಅದರ ತಾಯಿ. ‘ಕ್ಲೋಸ್’ ಅದರದೇ ತಂಗಿ. ಸಭೆ, ಭಾಷಣ, ಜಾತ್ರೆಯಂಥ ಕ್ರಮಬದ್ಧವಾದವು ಮುಗಿದಾಗ ಮಾತ್ರ ಇದನ್ನು ಹಾಕಿ. ಕೊಪ್ಪಳದ ಗವಿಮಠದ ಜಾತ್ರೆ ‘ಕನ್‌ಕ್ಲೂಡ್’ ಆಗಬಹುದು. ನಿಮ್ಮ ಮಧ್ಯಾಹ್ನದ ಊಟ ಆಗಬಾರದು. ಗುರುತು ಸುಲಭ: ಮುಂದೆ ‘ದಟ್’ ಬಂದರೆ ತೀರ್ಮಾನ, ‘ವಿತ್’ ಬಂದರೆ ಮುಕ್ತಾಯ. ಸಮಿತಿ ‘ಕನ್‌ಕ್ಲೂಡೆಡ್ ದಟ್’ ಅಂದರೆ ಏನನ್ನೋ ಕಂಡುಕೊಂಡಿತು. ಕಾರ್ಯಕ್ರಮ ‘ಕನ್‌ಕ್ಲೂಡೆಡ್ ವಿತ್’ ಅಂದರೆ ನಾಡಗೀತೆಯೊಂದಿಗೋ ವಂದನಾರ್ಪಣೆಯೊಂದಿಗೋ ಮುಗಿಯಿತು.

ಅಳತೆ, ಲೆಕ್ಕ, ಪರೀಕ್ಷೆಯಿಂದ ಗೊತ್ತುಮಾಡಿದ್ದು ‘ಡಿಟರ್ಮಿನ್’. ಇದರೊಳಗೆ ಎಲ್ಲೆಕಲ್ಲು ಎಂಬ ಅರ್ಥದ ‘ಟರ್ಮಿನಸ್’ ಕೂತಿದೆ, ‘ಟರ್ಮಿನೇಟ್’ನ ಒಳಗೂ ಅದೇ ಕಲ್ಲು. ಸರ್ವೆಯವರು ಚೈನು ಹಿಡಿದು ಹೊಲದ ಗಡಿ ಹೇಳುವುದು, ಮಣ್ಣು ಪರೀಕ್ಷೆಯಲ್ಲಿ ಸಾರಜನಕ ಎಷ್ಟಿದೆ ಎಂದು ತಿಳಿಯುವುದು, ಮಾರ್ಕೆಟ್ಟಿನಲ್ಲಿ ಭತ್ತದ ತೇವಾಂಶ ನೋಡುವುದು, ಇವಕ್ಕೆ ಇದು ಹೇಳಿ ಮಾಡಿಸಿದ ಪದ. ಆದರೆ ‘ಐ ಆಮ್ ಡಿಟರ್ಮಿನ್ಡ್’ ಅಂದರೆ ಅರ್ಥ ತಿರುಗುತ್ತದೆ: ಹಟ ತೊಟ್ಟಿದ್ದೇನೆ. ಅರ್ಜಿಯಲ್ಲಿ ‘ನಿಮ್ಮ ಕಂಪನಿ ಸೇರಲು ನಿರ್ಧರಿಸಿದ್ದೇನೆ’ ಅನ್ನಲು ಹೋಗಿ ಇದನ್ನು ಬರೆದರೆ ಓದುವವರಿಗೆ ಬೆದರಿಕೆ ಹಾಕಿದಂತೆ ಕೇಳಿಸೀತು.

ಸಭೆಯಲ್ಲಿ ಮಂಡಿಸಿ, ಒಪ್ಪಿ, ಪುಸ್ತಕದಲ್ಲಿ ಬರೆದರೆ ‘ರಿಸಾಲ್ವ್’. ನಮ್ಮ ಕಡೆ ಪಂಚಾಯ್ತಿಯಲ್ಲಿ ‘ಠರಾವು ಪಾಸ್ ಮಾಡೀವಿ’ ಅನ್ನುತ್ತಾರಲ್ಲ, ಆ ಠರಾವೇ ‘ರೆಸಲ್ಯೂಶನ್’. ಸಂಘದ ಖಾತೆ ತೆರೆಯಲು ಬ್ಯಾಂಕಿಗೆ ಕೊಡುವ ಪ್ರತಿಯಲ್ಲಿ ಪ್ರತಿ ತೀರ್ಮಾನವೂ ‘ರಿಸಾಲ್ವ್ಡ್ ದಟ್’ ಎಂದು ಶುರುವಾಗುವುದು ವಾಡಿಕೆ. ಸ್ತ್ರೀಶಕ್ತಿ ಸಂಘದ ಅಕ್ಕಂದಿರಿಗೆ ನಾನು ಬರೆದುಕೊಡುವುದು ಹೀಗೆಯೇ. ಜಗಳ, ತೊಂದರೆಯ ಜೊತೆ ಬಂದರೆ ಇದೇ ಪದ ಬಗೆಹರಿಸು ಎಂದಾಗುತ್ತದೆ. ಗಂಟು ಸಡಿಲಿಸು ಎಂಬುದು ಅದರ ಮೂಲ ಅರ್ಥ. ಹೀಗಾಗಿ ಠರಾವು ‘ರಿಸಾಲ್ವ್’ ಆಗುವುದಿಲ್ಲ, ‘ಪಾಸ್’ ಆಗುತ್ತದೆ. ‘ರಿಸಾಲ್ವ್’ ಆಗುವುದು ತಕರಾರು.

ಇನ್ನೊಂದು ಸಣ್ಣ ಮಾತು. ‘ಡಿಸೈಡೆಡ್’ ಬೇರೆ, ‘ಡಿಸೈಸಿವ್’ ಬೇರೆ. ಆಮೇಲಿನದ್ದನ್ನೆಲ್ಲ ಗೊತ್ತುಮಾಡಿಬಿಡುವಂಥದ್ದು ‘ಡಿಸೈಸಿವ್’. 1520ರ ರಾಯಚೂರು ಕಾಳಗದಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದ್ದಕ್ಕೆ ಇತಿಹಾಸದವರು ಬಳಸುವ ಪದ ಅದು.

ಹೆಜ್ಜೆ 5: ‘ಸೆಟಲ್’ ಮುಟ್ಟುವ ಮೊದಲು ಎರಡು ಸಲ ಯೋಚಿಸಿ

ನನಗೆ ಪೆಟ್ಟು ಕೊಟ್ಟ ಪದ ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹಳೆಯ ಇಂಗ್ಲಿಷಿನಲ್ಲಿ ಕೂರುವ ಜಾಗ, ಪೀಠ ಎಂಬ ಪದದಿಂದ ಇದು ಹುಟ್ಟಿದೆ. ಅಲ್ಲಾಡುತ್ತಿದ್ದದ್ದು ಒಂದು ಕಡೆ ಕೂತಿತು ಎಂಬುದು ತಿರುಳು. ಚಹಾದ ಪುಡಿ ತಳಕ್ಕೆ ಕೂರುವುದೂ ‘ಸೆಟಲ್’, ಮಗ ಬೆಂಗಳೂರಿನಲ್ಲಿ ನೆಲೆಯಾದದ್ದೂ ‘ಸೆಟಲ್’, ಕಂದಾಯ ಗೊತ್ತುಮಾಡುವುದೂ ‘ಸೆಟಲ್’. ಬಳ್ಳಾರಿಗೆ ಈ ಕೊನೆಯ ಅರ್ಥ ಬಹಳ ಹಳೆಯದು. ನಿಜಾಮ 1800ರಲ್ಲಿ ಇಂಗ್ಲಿಷರಿಗೆ ಬಿಟ್ಟುಕೊಟ್ಟ ಸೀಡೆಡ್ ಜಿಲ್ಲೆಗಳಲ್ಲಿ ಬಳ್ಳಾರಿಯೂ ಇತ್ತು. ಅಲ್ಲಿ 1807ರವರೆಗೆ ಪ್ರಿನ್ಸಿಪಲ್ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ನಡುವಿನವರನ್ನು ಬಿಟ್ಟು ಒಬ್ಬೊಬ್ಬ ರೈತನ ಜೊತೆಗೇ ಕಂದಾಯ ಗೊತ್ತುಮಾಡಿದ ರೈತವಾರಿ ಪದ್ಧತಿಗೆ ‘ಸೆಟಲ್‌ಮೆಂಟ್’ ಎಂದೇ ಹೆಸರು. ಇಲ್ಲಿ ಸೆಟಲ್ ಅಂದರೆ ಕೂತು ಗೊತ್ತುಮಾಡಿಕೊಳ್ಳುವುದು.

ಈಗಿನ ಸಾಲದ ಭಾಷೆಯಲ್ಲಿ ಅದೇ ಪದಕ್ಕೆ ಇನ್ನೊಂದು ಮುಖ. ಪೂರಾ ಕಟ್ಟಲಾಗದ ಸಾಲಕ್ಕೆ ಬ್ಯಾಂಕಿನವರು ಬಂದಷ್ಟು ಬರಲಿ ಎಂದು ಸ್ವಲ್ಪ ಬಿಟ್ಟು ಉಳಿದದ್ದನ್ನು ಕಟ್ಟಿಸಿಕೊಂಡು ಮುಗಿಸುತ್ತಾರೆ. ಓಟಿಎಸ್, ‘ಒನ್ ಟೈಮ್ ಸೆಟಲ್‌ಮೆಂಟ್’, ಅಂದರೆ ಇದೇ. ಆಗ ಕ್ರೆಡಿಟ್ ರಿಪೋರ್ಟಿನಲ್ಲಿ, ಅಂದರೆ ನೀವು ಸಾಲ ಹೇಗೆ ಕಟ್ಟಿದ್ದೀರಿ ಎಂಬ ವರದಿಯಲ್ಲಿ, ಆ ಖಾತೆಯ ಮುಂದೆ ‘ಸೆಟಲ್ಡ್’ ಎಂದು ಬೀಳುತ್ತದೆ. ಪೂರಾ ಕಟ್ಟಿದವರಿಗೆ ಬೀಳಬೇಕಾದ್ದು ‘ಕ್ಲೋಸ್ಡ್’. ಮುಂದೆ ಸಾಲ ಕೊಡುವವರು ಮೊದಲನೆಯದನ್ನು ನೋಡಿದರೆ ಇವನು ಹಿಂದೆ ಕಡಿಮೆ ಕಟ್ಟಿದವನು ಎಂದು ಹುಬ್ಬೇರಿಸುತ್ತಾರೆ. ಎರಡಕ್ಕೂ ನಮ್ಮ ಬಾಯಲ್ಲಿ ‘ಸಾಲ ತೀರಿತು’ ಎಂಬ ಒಂದೇ ಮಾತು.

ಸಾಲ ಪೂರಾ ಕಟ್ಟಿದ್ದೀರಾ? ಹಾಗಿದ್ದರೆ ಪತ್ರ ಬರೆಯುವುದು ಹೀಗೆ. ಮೊದಲು ಸಾಲದ ಖಾತೆ ಸಂಖ್ಯೆ. ಆಮೇಲೆ ಎಲ್ಲ ಕಂತುಗಳನ್ನು ‘ರಿಪೇಡ್ ಇನ್ ಫುಲ್’ ಎಂಬ ಮಾತು, ಕೊನೆಯ ಕಂತಿನ ದಿನಾಂಕದೊಂದಿಗೆ. ಅದಾದ ಮೇಲೆ ಖಾತೆಯನ್ನು ‘ಕ್ಲೋಸ್’ ಮಾಡಿ ‘ನೋ ಡ್ಯೂಸ್ ಸರ್ಟಿಫಿಕೇಟ್’ ಕೊಡಿ ಎಂಬ ಬೇಡಿಕೆ. ಗಾಡಿಯದ್ದಾದರೆ ಆರ್‌ಸಿಯಲ್ಲಿನ ಹೈಪಾಥಿಕೇಶನ್, ಅಂದರೆ ಗಾಡಿ ಸಾಲಕ್ಕೆ ಅಡವಿದೆ ಎಂಬ ನಮೂದು, ತೆಗೆಸಲು ಬೇಕಾದ ಫಾರ್ಮ್ 35ನ್ನೂ ಅದೇ ಪತ್ರದಲ್ಲಿ ಕೇಳಿ. ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಕೌಂಟರಿನಲ್ಲೇ ನಿಂತು ಓದಿ. ‘ಸೆಟಲ್ಡ್’ ಎಂದಿದ್ದರೆ ಅಲ್ಲೇ ತಿದ್ದಿಸಿ. ಒಂದೆರಡು ತಿಂಗಳು ಬಿಟ್ಟು ಕ್ರೆಡಿಟ್ ರಿಪೋರ್ಟನ್ನೂ ಒಮ್ಮೆ ನೋಡಿ. ಪತ್ರದಲ್ಲಿ ಒಂದು, ಅಲ್ಲಿ ಇನ್ನೊಂದು ಇರುವುದುಂಟು.

ನಿಜವಾಗಿ ಓಟಿಎಸ್ ಮಾಡಿಕೊಂಡವರು ‘ಕ್ಲೋಸ್’ ಎಂದು ಬರೆಸಲು ಬಂದರೆ ನಾನು ಬರೆದುಕೊಡುವುದಿಲ್ಲ. ಕಾಗದ ಸುಳ್ಳು ಹೇಳಿದರೂ ರಿಪೋರ್ಟು ಹೇಳುವುದಿಲ್ಲ. ಬಿಟ್ಟ ಹಣವನ್ನೂ ಕಟ್ಟಿದರೆ ಗುರುತು ಬದಲಿಸುತ್ತೀರಾ ಎಂದು ಬ್ಯಾಂಕನ್ನು ಕೇಳುವ ಪತ್ರವಾದರೆ ಸಂತೋಷದಿಂದ ಬರೆದುಕೊಡುತ್ತೇನೆ.

ಅಂದಹಾಗೆ, ‘ಫೈನಾನ್ಸ್’ ಎಂಬ ಪದವೂ ಮುಗಿಸುವ ಬಳಗದ್ದೇ. ಹಳೆಯ ಫ್ರೆಂಚಿನಲ್ಲಿ ಅದಕ್ಕೆ ಸಾಲ ತೀರಿಸಿ ಮುಗಿಸುವುದು ಎಂಬ ಅರ್ಥವಿತ್ತು, ‘ಫಿನಿಶ್’ನ ದಾಯಾದಿ. ಈಗ ಫೈನಾನ್ಸಿನವರು ಮನೆ ಬಾಗಿಲಿಗೆ ಬಂದರೆ ಯಾರಿಗೂ ಆ ಅರ್ಥ ನೆನಪಾಗುವುದಿಲ್ಲ, ಬಿಡಿ.

ಹೆಜ್ಜೆ 6: ಆಫೀಸು, ಕೋರ್ಟಿನ ಪದಗಳನ್ನು ನೀವು ಬದಲಿಸಬೇಡಿ

ಇಲ್ಲಿ ಪದ ಆರಿಸುವುದು ನಿಮ್ಮ ಕೈಯಲ್ಲಿಲ್ಲ. ಕಾಗದದಲ್ಲಿ ಏನಿದೆಯೋ ಅದನ್ನೇ ಬರೆಯಬೇಕು. ಮೊದಲು ‘ಡಿಸ್ಪೋಸ್ಡ್’. ಸರ್ಕಾರದ ‘ಸಕಾಲ’ ಸೇವೆಯಲ್ಲಿ ಹಾಕಿದ ಅರ್ಜಿಯ ಮುಂದೆ, ಕೋರ್ಟಿನ ಕೇಸಿನ ಮುಂದೆ ಮೊಬೈಲಿನಲ್ಲಿ ಈ ಪದ ಕಂಡರೆ ಜನ ಪೇಢೆ ತರಲು ಹೊರಡುತ್ತಾರೆ. ‘ವಿಲೇವಾರಿ’ ಅಷ್ಟೇ ಅದರ ಅರ್ಥ. ಕಡತ ಟೇಬಲ್ಲಿನಿಂದ ಇಳಿಯಿತು. ಮಂಜೂರಾಗಿ ಇಳಿಯಿತೋ, ತಿರಸ್ಕಾರವಾಗಿ ಇಳಿಯಿತೋ ಆ ಪದ ಹೇಳುವುದಿಲ್ಲ. ಕೋರ್ಟಿನ ವೆಬ್‌ಸೈಟಿನಲ್ಲಿ ಅದರ ಹತ್ತಿರವೇ ವಿಲೇವಾರಿಯ ಬಗೆ ಎಂದು ಇನ್ನೊಂದು ಸಾಲಿರುತ್ತದೆ, ಓದಬೇಕಾದ್ದು ಅದನ್ನು. ‘ಡಿಕ್ರೀಡ್’ ಎಂದಿದ್ದರೆ ದಾವೆ ಹಾಕಿದವರ ಪರ, ‘ಡಿಸ್ಮಿಸ್ಡ್’ ಎಂದಿದ್ದರೆ ವಜಾ.

ಪಾಲಿನ ದಾವೆಯವರು ಇನ್ನೂ ಹುಷಾರಾಗಿರಬೇಕು. ಅಲ್ಲಿ ಡಿಕ್ರಿ, ಅಂದರೆ ಕೋರ್ಟಿನ ತೀರ್ಪಿನ ಆದೇಶ, ಎರಡು ಹಂತದ್ದು. ಪ್ರಾಥಮಿಕ ಡಿಕ್ರಿಯಲ್ಲಿ ಯಾರಿಗೆ ಎಷ್ಟು ಪಾಲು ಎಂದು ತೀರ್ಮಾನವಾಗುತ್ತದೆ. ಹೊಲದಲ್ಲಿ ಯಾರ ಪಾಲು ಯಾವ ಬದುವಿನಿಂದ ಯಾವ ಬದುವಿನವರೆಗೆ ಎಂದು ಹಂಚಿಕೆಯಾಗಿ ಮುಗಿಯುವುದು ಅಂತಿಮ ಡಿಕ್ರಿಯಲ್ಲಿ. “ಕೇಸ್ ಗೆದ್ದೀವ್ರೀ, ಮುಗೀತು” ಎಂದು ಬಂದ ಒಬ್ಬ ಕಾಕಾ ಅವರ ಕಾಗದ ನೋಡಿದರೆ ಅದು ಪ್ರಾಥಮಿಕದ್ದು. ತೀರ್ಮಾನವಾಗಿತ್ತು, ಮುಗಿದಿರಲಿಲ್ಲ. ಕನ್ನಡದ ‘ತೀರು’ ಒಟ್ಟಿಗೆ ಹಿಡಿದಿಟ್ಟ ಎರಡು ಅರ್ಥಗಳನ್ನು ಕೋರ್ಟು ಹೀಗೆ ಬೇರೆ ಮಾಡಿ ಇಟ್ಟಿದೆ.

ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದಕ್ಕೆ ‘ಅವಾರ್ಡ್’ ಎಂದು ಹೆಸರು, ಬಹುಮಾನವಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಇಲ್ಲಿ ಮಾತ್ರ ‘ಸೆಟಲ್ಡ್’ ಎಂದು ಧೈರ್ಯವಾಗಿ ಬರೆಯಿರಿ, ಯಾಕೆಂದರೆ ಇಬ್ಬರೂ ಕೂತು ಒಪ್ಪಿ ಮುಗಿಸಿದ್ದು ಅದು. ಸಹಿ ಹಾಕುವ ಮೊದಲು ಓದಿಸಿಕೊಂಡಿರಿ ಅಷ್ಟೆ.

ಹೆಜ್ಜೆ 7: ಪದ ಆರಿಸಿದ ಮೇಲೆ ಅದರ ಬಾಲ ನೋಡಿ

‘ಸೆಟಲ್ ಆನ್’ ಅಂದರೆ ಅದೇ ಇರಲಿ ಎಂದು ಆರಿಸಿಕೊಂಡದ್ದು. ‘ಸೆಟಲ್ ಫಾರ್’ ಅಂದರೆ ಇನ್ನೇನು ಮಾಡುವುದು, ಇದ್ದದ್ದರಲ್ಲಿ ಸಾಕು ಅಂದುಕೊಂಡದ್ದು. ಮದುವೆ ಮಾತಿನಲ್ಲಿ ಇವೆರಡನ್ನು ಅದಲುಬದಲು ಮಾಡಬೇಡಿ, ಬೀಗರು ಎದ್ದುಹೋದಾರು. ‘ಡಿಸೈಡ್ ಟು’ ಆದರೆ ಮಾಡುವುದು, ‘ಡಿಸೈಡ್ ಅಗೇನ್ಸ್ಟ್’ ಆದರೆ ಬೇಡ ಅಂದದ್ದು. ‘ಎಂಡ್ ಅಪ್’ ಅಂದರೆ ಅಂದುಕೊಂಡದ್ದೊಂದು, ಕಡೀಕೆ ಆದದ್ದೊಂದು: ಬಳ್ಳಾರಿಗೆ ಅಂತ ಬಸ್ ಹತ್ತಿ ಕಣ್ಣು ಬಿಟ್ಟಾಗ ಗುಂತಕಲ್ಲಿನಲ್ಲಿದ್ದರೆ ಅದು. ‘ತೀರ್ಮಾನಕ್ಕೆ ಬಂದೆವು’ ಅನ್ನುವುದಕ್ಕೆ ಇಂಗ್ಲಿಷಿನಲ್ಲೂ ‘ಕೇಮ್ ಟು ಎ ಡಿಸಿಷನ್’ ಎಂದು ಬರುವುದೇ ಇದೆ, ಅಲ್ಲಿ ಕನ್ನಡದ ಜಾಡಿನಲ್ಲೇ ನಡೆಯಬಹುದು.

ಕೊನೆಗೆ ದಿನಾಂಕ. ಮುಗಿಯುವ ಪದದ ಜೊತೆ ಹೆಚ್ಚು ತಪ್ಪು ಬೀಳುವುದು ಇಲ್ಲಿ. ‘ಬೈ’ ಅಂದರೆ ಒಳಗ, ‘ಟಿಲ್’ ಅಂದರೆ ತನಕ. ಕಾಮಗಾರಿಯನ್ನು ಮಾರ್ಚ್ 31ರ ಒಳಗೆ ಮುಗಿಸುತ್ತೇವೆ ಅನ್ನಲು ‘ಬೈ’ ಬೇಕು. ಮೊನ್ನೆ ಒಬ್ಬ ಗುತ್ತಿಗೆದಾರರು ತಾವೇ ಬರೆದು ತಂದ ಪತ್ರದಲ್ಲಿ ‘ವಿಲ್ ಬಿ ಕಂಪ್ಲೀಟೆಡ್ ಟಿಲ್’ ಎಂದಿತ್ತು. “ಯಾಕ್ರೀ, ತನಕ ಅಂದ್ರೂ ಅದ ಅಲ್ಲೇನು?” ಅಂದರು. ನಾನು ಕೇಳಿದೆ, “ಸರ, ಮನ್ಯಾಗ ಅಮ್ಮಾರು ಎಂಟರ ಒಳಗ ಬರ್ರಿ ಅಂದ್ರ ನೀವು ಎಂಟರ ತನಕ ಬರ್ತೀರೇನು?” ನಕ್ಕು, ಪೆನ್ನು ತೆಗೆದು ತಾವೇ ತಿದ್ದಿದರು.